ಬೋರ್ಡಿನ ಅಕ್ಷರಕ್ಕೆ ಕೂಲಿ ಕೊಟ್ಟವರಾರು?

ನಮ್ಮ ಯಾವುದೇ ತಾಲ್ಲೂಕು ಪಟ್ಟಣದ ಫ್ಲೆಕ್ಸ್ ಅಂಗಡಿಯ ಬಿಲ್ಲನ್ನು ಎತ್ತಿಕೊಂಡು ನೋಡಿ. ಅದರಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನ ಲೆಕ್ಕವಿರುತ್ತದೆ. ಹತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರ, ಒಟ್ಟು 40 ಚದರಡಿ, ಅಡಿಗೆ ಇಷ್ಟು ರೂಪಾಯಿಯಂತೆ ಇಷ್ಟಾಯಿತು. ಚೌಕಟ್ಟು ಬೇಕಾದರೆ ಕಬ್ಬಿಣಕ್ಕೆ ಬೇರೆ, ಮೇಲೆ ಹತ್ತಿ ಕಟ್ಟುವ ಹುಡುಗರಿಗೆ ಬೇರೆ. ಆದರೆ ಅಂಗಡಿಯ ಹೆಸರನ್ನು ಯಾವ ಅಕ್ಷರದಲ್ಲಿ ಇಡಬೇಕು, ಎಷ್ಟು ದಪ್ಪ ಮಾಡಬೇಕು, ಬಸ್ಸಿನಲ್ಲಿ ಹೋಗುವವನಿಗೂ ಕಾಣುವಂತೆ ಯಾವ ಬಣ್ಣದ ಮೇಲೆ ಯಾವ ಬಣ್ಣ ಹಾಕಬೇಕು ಎಂದು ಎರಡು ಗಂಟೆ ಕಂಪ್ಯೂಟರಿನ ಮುಂದೆ ಕುಳಿತು ತೀರ್ಮಾನಿಸಿದವನ ಕೆಲಸಕ್ಕೆ ಆ ಬಿಲ್ಲಿನಲ್ಲಿ ಜಾಗವಿಲ್ಲ. ಅಂಗಡಿಯ ಬಾಗಿಲಲ್ಲೇ ‘ಡಿಸೈನ್ ಫ್ರೀ’ ಎಂದು ಬರೆದಿರುವುದೂ ಉಂಟು.

ಈ ‘ಫ್ರೀ’ ಎಂಬುದು ನಮ್ಮ ನಾಡಿನಲ್ಲಿ ಹಿಂದಿನಿಂದ ಇದ್ದ ಪದ್ಧತಿಯಲ್ಲ. ಕಲ್ಲಿನ ಮೇಲಾಗಲಿ, ಕಾಗದದ ಮೇಲಾಗಲಿ, ತಗಡಿನ ಮೇಲಾಗಲಿ ಅಕ್ಷರ ಮೂಡುವ ಮುನ್ನ ಅದನ್ನು ಸಿದ್ಧಪಡಿಸಿಕೊಡುವ ಒಬ್ಬ ಮನುಷ್ಯ ಯಾವಾಗಲೂ ಇದ್ದ. ಬರಹದ ಒಡೆಯನಿಗೂ ಅಚ್ಚು ಹಾಕುವವನಿಗೂ ನಡುವೆ ನಿಂತ ಈ ಮನುಷ್ಯನ ಕೂಲಿಯನ್ನು ಒಂದೊಂದು ಕಾಲದಲ್ಲಿ ಒಂದೊಂದು ಬಗೆಯಲ್ಲಿ ಅಳೆದರು. ಆ ಅಳತೆ ಹೇಗೆ ಬದಲಾಯಿತು, ಕೊನೆಗೆ ಹೇಗೆ ಮಾಯವಾಯಿತು ಎಂಬುದನ್ನು ನೋಡಿದರೆ ಇಂದಿನ ಬೋರ್ಡುಗಳ ಅವಸ್ಥೆ ಏಕೆ ಹೀಗಿದೆ ಎಂಬುದು ತಿಳಿಯುತ್ತದೆ.

ಕಲ್ಲು ಮತ್ತು ಲೇಖನಿ

ನಮ್ಮ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೊತ್ತು. ಎಷ್ಟೋ ಶಾಸನಗಳ ಕೊನೆಯಲ್ಲಿ ಪದ್ಯ ರಚಿಸಿದವನ ಹೆಸರು ಬೇರೆ, ಅದನ್ನು ಬರೆದವನ ಹೆಸರು ಬೇರೆ, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರು ಬೇರೆ ಇರುತ್ತದೆ. ಉಳಿ ಹಿಡಿದವನು ಕಲ್ಲಿನ ಮೇಲೆ ತನಗೆ ತೋಚಿದಂತೆ ಕೆತ್ತುತ್ತಿರಲಿಲ್ಲ. ಮೊದಲು ಲಿಪಿಕಾರ ಅಕ್ಷರಗಳನ್ನು ಸಾಲು ಹಿಡಿದು ಬರೆದುಕೊಡಬೇಕಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವನು ಆರ್ಟ್‌ವರ್ಕ್ ಮಾಡಿಕೊಡುತ್ತಿದ್ದ. ವಿಜಯನಗರದ ಕೃಷ್ಣದೇವರಾಯ, ಅಚ್ಯುತರಾಯರ ಕಾಲದ ತಾಮ್ರಪಟಗಳಲ್ಲಿ ಶ್ಲೋಕ ರಚಿಸಿದ ಸಭಾಪತಿಯ ಹೆಸರೂ ಇದೆ, ಅದನ್ನು ತಾಮ್ರದ ಮೇಲೆ ಕೊರೆದ ವೀರಣಾಚಾರ್ಯನ ಹೆಸರೂ ಇದೆ. ಅರಸನ ದಾನಪತ್ರದಲ್ಲಿ ಅಕ್ಷರ ಕೊರೆದವನ ಹೆಸರು ಉಳಿಯಿತೆಂದರೆ ಆ ಕೆಲಸವನ್ನು ಆ ಕಾಲ ಕೆಲಸವೆಂದು ಒಪ್ಪಿಕೊಂಡಿತ್ತು ಎಂದೇ ಅರ್ಥ.

ಬಿಜಾಪುರದ ಕಡೆಗೆ ಬಂದರೆ ಈ ಗೌರವ ಇನ್ನೂ ಎತ್ತರಕ್ಕೆ ಹೋಗಿತ್ತು. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಖಲೀಲುಲ್ಲಾ ಎಂಬ ಕೈಬರಹದ ಉಸ್ತಾದನಿದ್ದ. ಸುಲ್ತಾನನೇ ರಚಿಸಿದ ‘ಕಿತಾಬ್-ಎ-ನವರಸ್’ ಕೃತಿಯನ್ನು ಸುಂದರವಾಗಿ ಬರೆದುಕೊಟ್ಟದ್ದಕ್ಕೆ ಅವನಿಗೆ ‘ಬಾದ್‌ಶಾಹ್-ಎ-ಖಲಮ್’, ಅಂದರೆ ಲೇಖನಿಯ ದೊರೆ ಎಂಬ ಬಿರುದು ಸಿಕ್ಕಿತು. ಪುಸ್ತಕ ಬರೆದವನು ಸುಲ್ತಾನ, ಆದರೆ ಅದರ ಅಕ್ಷರ ಬರೆದವನು ದೊರೆ! ಇಬ್ರಾಹಿಂ ರೋಜಾದ ಗೋಡೆಗಳ ಮೇಲೆ, ಕಿಟಕಿಗಳ ಕಲ್ಲಿನ ಜಾಲರಿಯಲ್ಲಿ ಕೂಡ ಅಕ್ಷರಗಳನ್ನು ಕಡೆದಿರುವುದನ್ನು ಇಂದಿಗೂ ನೋಡಬಹುದು. ಬೆಳಕು ಆ ಅಕ್ಷರಗಳ ಸಂದಿನಿಂದ ಒಳಗೆ ಬರಬೇಕಾದರೆ, ಎಲ್ಲಿ ಕಲ್ಲು ಉಳಿಯಬೇಕು, ಎಲ್ಲಿ ಹೋಗಬೇಕು ಎಂದು ಮೊದಲೇ ಗೆರೆ ಎಳೆದುಕೊಟ್ಟ ಕೈಯೊಂದು ಇದ್ದೇ ಇರಬೇಕು.

ಇವೆಲ್ಲ ಅರಸರ ಕಾಲದ ಮಾತು. ಆಗಿನ ಎಲ್ಲ ಲಿಪಿಕಾರರೂ ಸುಖವಾಗಿದ್ದರು ಎಂದು ನಾವು ಹೇಳುತ್ತಿಲ್ಲ. ಹೆಸರಿಲ್ಲದೆ ಹೋದವರೇ ಹೆಚ್ಚು. ಆದರೆ ಬರೆಯುವವನು ಬೇರೆ, ಕೆತ್ತುವವನು ಬೇರೆ, ಇಬ್ಬರಿಗೂ ಬೇರೆ ಬೇರೆ ಕೂಲಿ ಸಲ್ಲಬೇಕು ಎಂಬ ತಿಳಿವಳಿಕೆ ಆಗ ಇತ್ತು.

ಕಾತಿಬ್ ಮತ್ತು ಕಲ್ಲಚ್ಚು

ಮುದ್ರಣ ಬಂದ ಮೇಲೂ ಈ ತಿಳಿವಳಿಕೆ ಬಹುಕಾಲ ಉಳಿಯಿತು. ಅದಕ್ಕೆ ಕಾರಣ ಕಲ್ಲಚ್ಚು. 1790ರ ದಶಕದ ಕೊನೆಯಲ್ಲಿ ಜರ್ಮನಿಯ ಬವೇರಿಯಾದಲ್ಲಿ ಆಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರ ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕಲು ದಾರಿ ಹುಡುಕುತ್ತ ಇದನ್ನು ಕಂಡುಹಿಡಿದ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಬರೆದ ಜಾಗ ಮಾತ್ರ ಮುದ್ರಣದ ಶಾಯಿಯನ್ನು ಹಿಡಿಯುತ್ತದೆ, ಉಳಿದ ಜಾಗ ಹಿಡಿಯುವುದಿಲ್ಲ. ಎಣ್ಣೆಗೂ ನೀರಿಗೂ ಇರುವ ಹಗೆಯೇ ಇದರ ಗುಟ್ಟು.

ಉರ್ದುವಿಗೆ ಈ ವಿದ್ಯೆ ವರವಾಯಿತು. ನಾವು ಉರ್ದು ಶಾಲೆಯಲ್ಲಿ ಕಲಿತ ನಸ್ತಾಲೀಖ್ ಲಿಪಿ ಸೀಸದ ಮೊಳೆಗಳಿಗೆ ಒಗ್ಗುವಂಥದ್ದಲ್ಲ. ಅದರ ಪದಗಳು ಬಲದ ಮೇಲ್ತುದಿಯಿಂದ ಎಡದ ಕೆಳತುದಿಗೆ ಇಳಿಜಾರಿನಲ್ಲಿ ಜಾರುತ್ತವೆ. ಪಕ್ಕದಲ್ಲಿ ಯಾವ ಅಕ್ಷರವಿದೆ ಎಂಬುದನ್ನು ನೋಡಿಕೊಂಡು ಪ್ರತಿ ಅಕ್ಷರವೂ ತನ್ನ ರೂಪ ಬದಲಿಸುತ್ತದೆ. ಹೀಗಾಗಿ 19ನೇ ಶತಮಾನದ ನಡುವಿನಿಂದ ಉರ್ದು ಲೋಕ ಕಲ್ಲಚ್ಚನ್ನು ಅಪ್ಪಿಕೊಂಡಿತು. 1858ರಲ್ಲಿ ಲಖನೌದಲ್ಲಿ ಶುರುವಾದ ನವಲ್ ಕಿಶೋರ್ ಪ್ರೆಸ್ ಇದೇ ದಾರಿಯಲ್ಲಿ ಸಾವಿರಾರು ಪುಸ್ತಕಗಳನ್ನು ಹೊರತಂದಿತು. ಅದರ ಮಾಲೀಕರು ಮುನ್ಶಿ ನವಲ್ ಕಿಶೋರ್ ಎಂಬ ಹಿಂದೂ ಮಹನೀಯರು. ಕುರ್‌ಆನ್ ಕೂಡ ಅವರ ಮುದ್ರಣಾಲಯದಲ್ಲಿ ಅಚ್ಚಾಯಿತು ಎಂಬುದನ್ನು ಇಂದಿನ ದಿನಗಳಲ್ಲಿ ನೆನಪಿಸಿಕೊಳ್ಳುವುದು ಒಳ್ಳೆಯದು.

ಕಲ್ಲಚ್ಚಿನ ಕೆಲಸದಲ್ಲಿ ಕಾತಿಬನೇ ಮುಖ್ಯ. ಹಿಟ್ಟಿನ ಲೇಪ ಕೊಟ್ಟ ಹಳದಿ ಕಾಗದದ ಮೇಲೆ ಲಾಳದ ಕಡ್ಡಿಯ ಖಲಮಿನಿಂದ ಆತ ಬರೆಯಬೇಕು. ಆ ಹಾಳೆಯನ್ನು ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದಾಗ ಬರಹ ಕಲ್ಲಿಗೆ ಇಳಿಯುತ್ತದೆ. ಕಲ್ಲಿನ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ. ಅಲ್ಲಿ ತಪ್ಪು ಕಂಡರೆ ತಿದ್ದುವುದಕ್ಕೆ ‘ಸಂಗ್‌ಸಾಜ್’ ಎಂಬ ಬೇರೆಯೇ ಕಸುಬುದಾರನಿದ್ದ. ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ ಬರೆಯುವುದೇ ಅವನ ವಿದ್ಯೆ. ಕಾತಿಬನಿಗೆ ಪುಟದ ಲೆಕ್ಕದಲ್ಲಿ ಕೂಲಿ. ಅದು ಧಾರಾಳವಾದ ಕೂಲಿ ಆಗಿರಲಿಲ್ಲ, ಆದರೆ ಲೆಕ್ಕದಲ್ಲಿ ಇತ್ತು. ಪುಸ್ತಕದ ಕೊನೆಯಲ್ಲಿ ಕಾತಿಬನ ಹೆಸರನ್ನು ಹಾಕುವ ಪದ್ಧತಿಯೂ ಇತ್ತು. 1927ರಲ್ಲಿ ಚೆನ್ನೈನಲ್ಲಿ ಹುಟ್ಟಿದ ‘ಮುಸಲ್ಮಾನ್’ ದಿನಪತ್ರಿಕೆ 21ನೇ ಶತಮಾನಕ್ಕೆ ಬಂದ ಮೇಲೂ ಕಾತಿಬರ ಕೈಬರಹದಲ್ಲೇ ಹೊರಬರುತ್ತಿತ್ತು.

ಇದು ಉರ್ದುವಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕೂಡ ಕಲ್ಲಚ್ಚಿನ ಕೂಸೇ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಮಂಗಳೂರಿನಲ್ಲಿ ಹೊರತಂದಾಗ ಅಲ್ಲಿ ಕನ್ನಡದ ಮೊಳೆಗಳಿರಲಿಲ್ಲ, ಕಲ್ಲಿತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆಗಳಲ್ಲಿ ಅಚ್ಚಾಗತೊಡಗಿತು. ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆ ಮಾಡುವಾಗ ನಾವು ಮೋಗ್ಲಿಂಗರ ಹೆಸರು ಹೇಳುತ್ತೇವೆ. ಆ ಹಾಳೆಗಳ ದುಂಡಗಿನ ಕನ್ನಡ ಅಕ್ಷರಗಳನ್ನು ಕಲ್ಲಿಗಾಗಿ ಬರೆದುಕೊಟ್ಟ ಕೈಯನ್ನು ಯಾರೂ ನೆನೆಯುವುದಿಲ್ಲ.

ಬಣ್ಣ ಬಂದ ಮೇಲೆ ಕೆಲಸ ಇನ್ನಷ್ಟು ಹೆಚ್ಚಿತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರಾಜಾ ರವಿವರ್ಮರ ಮುದ್ರಣಾಲಯದಿಂದ ಬಂದ ಲಕ್ಷ್ಮಿ, ಸರಸ್ವತಿಯರ ಪಟಗಳು ಮನೆಮನೆ ಸೇರಿದವು. ಆ ಪಟಗಳಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಕಲ್ಲು ಬೇಕಿತ್ತು. ತೈಲಚಿತ್ರವನ್ನು ನೋಡಿ, ಇದರಲ್ಲಿ ಹಳದಿ ಎಷ್ಟಿದೆ, ಕೆಂಪು ಎಷ್ಟಿದೆ ಎಂದು ಕಣ್ಣಳತೆಯಲ್ಲೇ ಬಿಡಿಸಿ, ಒಂದೊಂದು ಕಲ್ಲಿನ ಮೇಲೂ ಚುಕ್ಕೆಚುಕ್ಕೆಯಾಗಿ ಬಿಡಿಸುವ ಕಲಾವಿದರು ಅಲ್ಲಿದ್ದರು. ಇಂದು ಕಂಪ್ಯೂಟರು ಒಂದು ಕ್ಷಣದಲ್ಲಿ ಮಾಡುವ ವರ್ಣವಿಭಜನೆಯನ್ನು ಅವರು ವಾರಗಟ್ಟಲೆ ಕುಳಿತು ಮಾಡಿದರು. ಪಟದ ಕೆಳಗೆ ಇರುವುದು ರವಿವರ್ಮರ ಹೆಸರೊಂದೇ.

ತಗಡಿನ ಬೋರ್ಡು, ಅಕ್ಷರದ ಲೆಕ್ಕ

ಇನ್ನು ಬೀದಿಗೆ ಬರೋಣ. ಫ್ಲೆಕ್ಸ್ ಬರುವ ಮುನ್ನ ನಮ್ಮ ಊರುಗಳಲ್ಲಿ ಬೋರ್ಡನ್ನು ‘ಮಾಡಿಸುವುದು’ ಎನ್ನುತ್ತಿರಲಿಲ್ಲ, ‘ಬರೆಸುವುದು’ ಎನ್ನುತ್ತಿದ್ದರು. ಬರೆಯುವವರನ್ನು ಆರ್ಟಿಸ್ಟ್ ಎಂದೋ ಪೇಂಟರ್ ಎಂದೋ ಕರೆಯುತ್ತಿದ್ದರು. ಅವರ ಅಂಗಡಿಯ ಹೆಸರು ಏನೇ ಇದ್ದರೂ ಕೊನೆಗೆ ‘ಆರ್ಟ್ಸ್’ ಎಂದು ಇರಲೇಬೇಕು. ತಗಡಿಗೆ ಎರಡು ಕೈ ಬಣ್ಣ ಹೊಡೆದು ಒಣಗಿಸಿ, ಸುಣ್ಣದ ಪುಡಿಯ ದಾರ ಹಿಡಿದು ಗೆರೆ ಹಾಕಿ, ಸೀಮೆಸುಣ್ಣದಲ್ಲಿ ಅಕ್ಷರಗಳ ಜಾಗ ಗುರುತಿಸಿ, ಆಮೇಲೆ ಎನಾಮಲ್ ಬಣ್ಣದಲ್ಲಿ ಬರೆಯುತ್ತಿದ್ದರು. ಕೈ ನಡುಗದಿರಲೆಂದು ಎಡಗೈಯಲ್ಲಿ ಒಂದು ಕೋಲು ಹಿಡಿದು ಅದರ ಮೇಲೆ ಬಲಗೈ ಊರುತ್ತಿದ್ದರು. ಈ ಕಸುಬಿನಲ್ಲಿ ಮುಸ್ಲಿಮರು ಬಹಳ ಮಂದಿ ಇದ್ದರು. ಮನೆಯಲ್ಲಿ ದಖನಿ ಮಾತು, ಬೋರ್ಡಿನ ಮೇಲೆ ತಪ್ಪಿಲ್ಲದ ಕನ್ನಡ, ಪಕ್ಕದಲ್ಲೇ ಇಂಗ್ಲಿಷ್, ಅಗತ್ಯಬಿದ್ದರೆ ಉರ್ದು. ಶಾಲೆಯಲ್ಲಿ ನಾಲ್ಕನೇ ಇಯತ್ತೆ ದಾಟದವರೂ ಮೂರು ಲಿಪಿಗಳಲ್ಲಿ ಬರೆಯಬಲ್ಲವರಾಗಿದ್ದರು. ಎಂ.ಎಫ್. ಹುಸೇನರು ಕೂಡ 1930ರ ದಶಕದಲ್ಲಿ ಮುಂಬಯಿಯ ಬೀದಿಗಳಲ್ಲಿ ಸಿನಿಮಾ ಬೋರ್ಡುಗಳನ್ನು ಬರೆದೇ ಮುಂದೆ ಬಂದವರು.

ಕನ್ನಡ ಬೋರ್ಡು ಬರೆಯುವುದು ಇಂಗ್ಲಿಷ್ ಬರೆದಷ್ಟು ಸಲೀಸಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು ಬರುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ಒಂದಡಿ ಎತ್ತರದ ಪಟ್ಟಿ ಕೊಟ್ಟರೆ ಅದರಲ್ಲಿ ಅಕ್ಷರದ ಮೈಗೆ ಸಿಗುವುದು ಒಂದಡಿಗಿಂತ ಬಹಳ ಕಡಿಮೆ. ‘ವಸ್ತ್ರಾಲಯ’ದ ಸ್ತ್ರಾ ಎಲ್ಲಿ ಕುಳಿತುಕೊಳ್ಳಬೇಕು, ಅದರ ಎರಡು ಒತ್ತುಗಳು ಕೆಳಗಿನ ಸಾಲಿಗೆ ತಗುಲದಂತೆ ಹೇಗೆ ಬಾಗಿಸಬೇಕು ಎಂಬುದನ್ನು ಪೇಂಟರು ಬೋರ್ಡಿನ ಎದುರು ನಿಂತು ತೀರ್ಮಾನಿಸುತ್ತಿದ್ದರು. ಕೂಲಿ ಅಕ್ಷರಕ್ಕೆ ಇಷ್ಟು ಎಂದೋ ಚದರಡಿಗೆ ಇಷ್ಟು ಎಂದೋ ಮಾತಾಗುತ್ತಿತ್ತು. ಅಕ್ಷರದ ಲೆಕ್ಕವಾದರೆ ಒತ್ತಕ್ಷರವನ್ನು ಒಂದೆಂದು ಎಣಿಸಬೇಕೋ ಎರಡೆಂದು ಎಣಿಸಬೇಕೋ ಎಂಬ ಚೌಕಾಸಿ ಬೇರೆ. ಈ ಚೌಕಾಸಿಯನ್ನು ನೆನೆದರೆ ನಗು ಬರುತ್ತದೆ. ಆದರೆ ಅಕ್ಷರವೊಂದಕ್ಕೆ ಬೆಲೆ ಇದೆ ಎಂದು ಇಬ್ಬರೂ ಒಪ್ಪಿದ್ದರಿಂದಲೇ ಅಲ್ಲಿ ಚೌಕಾಸಿ ನಡೆಯುತ್ತಿತ್ತು. ಕೊನೆಗೆ ಬೋರ್ಡಿನ ಬಲತುದಿಯಲ್ಲಿ ಸಣ್ಣದಾಗಿ ಪೇಂಟರಿನ ಹೆಸರು ಬೀಳುತ್ತಿತ್ತು. ಅದೇ ಅವರ ಜಾಹೀರಾತು, ಅದೇ ಅವರ ಸಹಿ. ತಪ್ಪು ಬರೆದರೆ ಊರಿಗೆಲ್ಲ ಯಾರ ತಪ್ಪೆಂದು ಗೊತ್ತಾಗುತ್ತಿತ್ತು.

ಅಚ್ಚಿನ ಲೋಕದಲ್ಲಿ ‘ಆರ್ಟ್‌ವರ್ಕ್’ ಎಂಬ ಪದ ನಮಗೆ ಬಂದದ್ದು ಕ್ಯಾಮೆರಾದ ಜೊತೆಗೆ. ಬಿಳಿ ಹಾಳೆಯ ಮೇಲೆ ಕಪ್ಪು ಇಂಡಿಯನ್ ಇಂಕಿನಲ್ಲಿ ಕಲಾವಿದ ಬರೆದುಕೊಟ್ಟದ್ದನ್ನು ಕ್ಯಾಮೆರಾದಲ್ಲಿ ತೆಗೆದು ಸತುವಿನ ಬ್ಲಾಕ್ ಮಾಡಿಸುತ್ತಿದ್ದರು. ಮುಂದೆ ಆಫ್‌ಸೆಟ್ ಮತ್ತು ಸ್ಕ್ರೀನ್ ಪ್ರಿಂಟಿಂಗ್ ಬಂದಾಗ ಅದೇ ಹಾಳೆ ಫಿಲ್ಮಾಯಿತು. ಕಥಾಸಂಕಲನಗಳ ಮುಖಪುಟದ ಶೀರ್ಷಿಕೆಯನ್ನು ಕಲಾವಿದರಿಂದ ಕೈಯಲ್ಲೇ ಬರೆಸುವ ಒಳ್ಳೆಯ ಪದ್ಧತಿ ಕನ್ನಡದಲ್ಲಿ ಬಹುಕಾಲ ಇತ್ತು. ಪ್ರಕಾಶಕರ ಲೆಕ್ಕದಲ್ಲಿ ಕಾಗದ, ಅಚ್ಚು, ಬೈಂಡಿಂಗ್ ಜೊತೆಗೆ ‘ಕಲಾವಿದರಿಗೆ’ ಎಂದು ಒಂದು ಸಾಲು ಇರುತ್ತಿತ್ತು. ಮೊತ್ತ ಚಿಕ್ಕದಾಗಿತ್ತೇನೋ ಸರಿ, ಆದರೆ ಸಾಲು ಇತ್ತು.

ಕಂಪ್ಯೂಟರು ಬಂತು

ಕಂಪ್ಯೂಟರು ಈ ಮನುಷ್ಯನನ್ನು ಅಳಿಸಿತು ಎಂದು ಹೇಳುವುದು ಸುಲಭ. ನಿಜ ಹಾಗಿಲ್ಲ. ಕಂಪ್ಯೂಟರಿಗೂ ಮೊದಲು ಒಬ್ಬ ಕೈಯಲ್ಲಿ ಬರೆದುಕೊಡಬೇಕಾಯಿತು. 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ಕಂಪ್ಯೂಟರಿನ ನಸ್ತಾಲೀಖಿನಲ್ಲಿ ಹೊರಬಂದಿತು. ಅದಕ್ಕಾಗಿ ಮಿರ್ಜಾ ಅಹಮದ್ ಜಮೀಲ್ ಎಂಬ ಕೈಬರಹದ ಉಸ್ತಾದರು ಸುಮಾರು 18 ಸಾವಿರ ಕೂಡಕ್ಷರಗಳನ್ನು ಒಂದೊಂದಾಗಿ ಬರೆದಿದ್ದರು. ಇಂಗ್ಲೆಂಡಿನ ಮೋನೋಟೈಪ್ ಕಂಪನಿ ಅದನ್ನು ಯಂತ್ರಕ್ಕೆ ಇಳಿಸಿತು. ತಮ್ಮ ತಂದೆಯ ಹೆಸರಿನಲ್ಲಿ ಅವರು ಅದಕ್ಕೆ ‘ನೂರಿ ನಸ್ತಾಲೀಖ್’ ಎಂದು ಹೆಸರಿಟ್ಟರು. 1994ರಲ್ಲಿ ದಿಲ್ಲಿಯ ಸಂಸ್ಥೆಯೊಂದು ‘ಇನ್‌ಪೇಜ್’ ತಂತ್ರಾಂಶ ತಂದ ಮೇಲೆ ಇದೇ ಬಗೆಯ ಅಕ್ಷರ ಬೆಂಗಳೂರು, ಕಲಬುರಗಿ, ಹುಬ್ಬಳ್ಳಿಯ ಗಲ್ಲಿಗಳಿಗೂ ಬಂತು. ಅಸಲಿಗಿಂತ ಕಳ್ಳಪ್ರತಿಗಳೇ ಹೆಚ್ಚು ಹರಡಿದವು. ಕಾತಿಬರು ಮನೆ ಸೇರಿದರು. ಮದುವೆಯ ರುಕ್ಕಾ, ಜಲ್ಸಾದ ಇಶ್ತೆಹಾರು ಎಲ್ಲವೂ ಡಿಟಿಪಿ ಸೆಂಟರಿನ ಪಾಲಾದವು.

ಕನ್ನಡದಲ್ಲೂ ಅದೇ ಆಯಿತು. ಶ್ರೀಲಿಪಿ, ಪ್ರಕಾಶಕ್, ಆಕೃತಿ, ಬರಹ, ನುಡಿ ಹೀಗೆ ಒಂದಾದ ಮೇಲೊಂದು ತಂತ್ರಾಂಶಗಳು ಬಂದವು. ಪ್ರತಿಯೊಂದರ ಒಳಗಿನ ಸಂಕೇತವೂ ಬೇರೆ. ಒಂದು ಅಂಗಡಿಯಲ್ಲಿ ಟೈಪ್ ಮಾಡಿದ ಕಡತವನ್ನು ಇನ್ನೊಂದು ಅಂಗಡಿಯಲ್ಲಿ ತೆರೆದರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಆದ್ದರಿಂದ ಕೋರೆಲ್ ಡ್ರಾದಲ್ಲಿ ಕೆಲಸ ಮಾಡುವವರು ಬರಹವನ್ನು ‘ಕರ್ವ್’ ಮಾಡಿ ಕಳುಹಿಸುವುದನ್ನು ಕಲಿತರು. ಕರ್ವ್ ಮಾಡಿದರೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಆಕಾರವಾಗುತ್ತದೆ. ಯಾವ ಯಂತ್ರದಲ್ಲಿ ತೆರೆದರೂ ಹಾಗೆಯೇ ಕಾಣುತ್ತದೆ. ಆದರೆ ಆಮೇಲೆ ಒಂದು ಕಾಗುಣಿತ ತಪ್ಪಿದೆ ಎಂದು ತಿಳಿದರೆ ಮತ್ತೆ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ. ಹಾಗಾಗಿ ಬಲ್ಲವರು ಯಾವಾಗಲೂ ಎರಡು ಕಡತ ಇಟ್ಟುಕೊಳ್ಳುತ್ತಾರೆ. ತಿದ್ದಲು ಬರುವ ‘ಓಪನ್ ಫೈಲ್’ ಒಂದು, ಅಚ್ಚಿಗೆ ಕಳುಹಿಸುವ ಕರ್ವ್ ಮಾಡಿದ್ದು ಇನ್ನೊಂದು.

ಚದರಡಿಯ ಕಾಲ

1990ರ ದಶಕದ ಕೊನೆಯಿಂದ ದೊಡ್ಡ ಅಳತೆಯ ಮುದ್ರಣ ಯಂತ್ರಗಳು ನಮ್ಮ ನಗರಗಳಿಗೆ ಬಂದವು. 2000ದ ದಶಕದಲ್ಲಿ ಅವು ಜಿಲ್ಲಾ ಕೇಂದ್ರಗಳಿಗೂ, ಆಮೇಲೆ ತಾಲ್ಲೂಕುಗಳಿಗೂ ಇಳಿದವು. ಪಾಲಿಯೆಸ್ಟರ್ ಬಲೆಯ ಮೇಲೆ ಪಿವಿಸಿ ಪ್ಲಾಸ್ಟಿಕ್ ಬಳಿದ ಬಟ್ಟೆಯೇ ಫ್ಲೆಕ್ಸ್. ಪೇಂಟರಿಗೆ ಎರಡು ದಿನ ಹಿಡಿಯುತ್ತಿದ್ದ ಬೋರ್ಡು ಅರ್ಧ ಗಂಟೆಯಲ್ಲಿ ಹೊರಬಂತು. ಯಂತ್ರವನ್ನು ಸಾಲ ಮಾಡಿ ತಂದ ಮಾಲೀಕನಿಗೆ ಅದು ಹಗಲೂ ರಾತ್ರಿ ಓಡಬೇಕು. ಓಡಬೇಕಾದರೆ ಗಿರಾಕಿ ಬರಬೇಕು. ಗಿರಾಕಿ ಪಕ್ಕದ ಅಂಗಡಿಗೆ ಹೋಗದಿರಲೆಂದು ಚದರಡಿಯ ದರ ಇಳಿಸಿದ. ಇನ್ನು ಇಳಿಸಲು ಆಗದಾಗ ಡಿಸೈನ್ ಫ್ರೀ ಎಂದ. ಅಕ್ಷರದ ಕೂಲಿ ಬಿಲ್ಲಿನಿಂದ ಮಾಯವಾದದ್ದು ಹೀಗೆ. ಮೊದಲು ಸ್ವಂತ ಹೆಸರಿನಲ್ಲಿ ‘ಆರ್ಟ್ಸ್’ ನಡೆಸುತ್ತಿದ್ದವನ ಮಗ ಈಗ ಅದೇ ಊರಿನ ಫ್ಲೆಕ್ಸ್ ಅಂಗಡಿಯಲ್ಲಿ ತಿಂಗಳ ಸಂಬಳದ ಆಪರೇಟರ್ ಆದ.

ಪುಕ್ಕಟೆ ಎಂದ ಮೇಲೆ ಅದಕ್ಕೆ ಸಮಯ ಎಲ್ಲಿಂದ ಬರಬೇಕು? ಹುಡುಗ ದಿನಕ್ಕೆ ಇಪ್ಪತ್ತು ಬೋರ್ಡು ಮುಗಿಸಬೇಕು. ಗಿರಾಕಿ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳುಹಿಸಿ ‘ಇದೇ ನಮ್ಮ ಲೋಗೋ, ದೊಡ್ಡದಾಗಿ ಹಾಕಪ್ಪಾ’ ಎನ್ನುತ್ತಾನೆ. ಆ ಚಿತ್ರದ ಅಗಲ 600 ಪಿಕ್ಸೆಲ್ ಇದ್ದರೆ, ಅದನ್ನು ಹತ್ತು ಅಡಿಗೆ ಎಳೆದಾಗ ಒಂದು ಅಂಗುಲಕ್ಕೆ ಐದೇ ಚುಕ್ಕೆ ಸಿಗುತ್ತವೆ. ದೂರದಿಂದ ನೋಡುವ ಫ್ಲೆಕ್ಸಿಗೆ ಅಂಗುಲಕ್ಕೆ 72ರಿಂದ 100 ಚುಕ್ಕೆ ಇದ್ದರೆ ಸಾಕು, ಕೈಯಲ್ಲಿ ಹಿಡಿದು ಓದುವ ಕರಪತ್ರಕ್ಕೆ 300 ಬೇಕು. ಐದು ಚುಕ್ಕೆಯಲ್ಲಿ ಲೋಗೋ ಎಲ್ಲಿಂದ ಕಾಣಬೇಕು, ಕಾಣುವುದು ಇಟ್ಟಿಗೆ ಗೋಡೆ. ಮೊಬೈಲಿನಲ್ಲಿ ಫಳಫಳ ಹೊಳೆದ ಹಸಿರು ಬೋರ್ಡಿನಲ್ಲಿ ಮಂಕಾಯಿತೆಂದು ಜಗಳ ಬೇರೆ. ಮೊಬೈಲು ಬೆಳಕಿನಿಂದ ಬಣ್ಣ ತೋರಿಸುತ್ತದೆ, ಯಂತ್ರ ಶಾಯಿಯಿಂದ ತೋರಿಸುತ್ತದೆ. ಎರಡೂ ಒಂದೇ ಆಗಲಾರವು ಎಂದು ಗಿರಾಕಿಗೆ ತಿಳಿಹೇಳುವುದೂ ಕೆಲಸವೇ. ಅದಕ್ಕೂ ಕೂಲಿಯಿಲ್ಲ.

ಹೆಚ್ಚು ಪೆಟ್ಟು ತಿಂದದ್ದು ನಮ್ಮ ಎರಡು ಲಿಪಿಗಳು. ಮುಶಾಯಿರಾ ಒಂದರ ವೇದಿಕೆಯ ಹಿಂದೆ ಕಟ್ಟಿದ್ದ ದೊಡ್ಡ ಫ್ಲೆಕ್ಸಿನಲ್ಲಿ ಉರ್ದು ಅಕ್ಷರಗಳು ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ನಿಂತಿದ್ದನ್ನು ನಾವು ನೋಡಿದ್ದೇವೆ. ಕೆಳಗೆ ಕುಳಿತು ಗಜಲ್ ಓದಿದ ಕವಿಗಳು ತಮ್ಮ ತಲೆಯ ಮೇಲಿನ ಬರಹವನ್ನು ಓದಲಾರದೆ ನಕ್ಕರು. ಅರೇಬಿಕ್ ಲಿಪಿಯನ್ನು ಜೋಡಿಸಲು ಬಾರದ ತಂತ್ರಾಂಶಕ್ಕೆ ಬರಹವನ್ನು ಅಂಟಿಸಿದರೆ ಹೀಗಾಗುತ್ತದೆ. ಕನ್ನಡಕ್ಕೂ ಇದೇ ಗತಿ. ಒತ್ತು ಅಕ್ಷರದ ಕೆಳಗೆ ಇಳಿಯದೆ ಪಕ್ಕದಲ್ಲಿ ಕುಳಿತುಬಿಡುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. ‘ಕರ್ನಾಟಕ’ ಎಂಬ ಪದವೇ ಒಡೆದು ನಿಂತದ್ದನ್ನು ಓದುಗರೂ ಕಂಡಿರಬಹುದು. ಹಿಂದಿನ ಪೇಂಟರಿನ ಬೋರ್ಡಿನಲ್ಲಿ ಇಂಥ ತಪ್ಪು ಆಗುವುದು ಸಾಧ್ಯವೇ ಇರಲಿಲ್ಲ, ಏಕೆಂದರೆ ಅಕ್ಷರವನ್ನು ಬಲ್ಲ ಕೈ ಅದನ್ನು ಒಡೆದು ಬರೆಯುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಗೋಡೆ ಬರಹಕ್ಕೆ ಎರಡು ದಿನ ಬೇಕಾಗಿದ್ದಾಗ ಸಿಟ್ಟಿನಲ್ಲಿ ಬರೆಸಹೊರಟವನಿಗೂ ತಣ್ಣಗಾಗಲು ಸಮಯವಿರುತ್ತಿತ್ತು. ಈಗ ಸಂಜೆ ಹೊಳೆದದ್ದು ರಾತ್ರಿ ಕಳೆಯುವುದರೊಳಗೆ ವೃತ್ತದಲ್ಲಿ ತೂಗುತ್ತದೆ. ಯಾರು ಬರೆದರು, ಯಾರು ಕಟ್ಟಿದರು ಎಂದು ಕೇಳಿದರೆ ಹೆಸರಿಲ್ಲ. ಬಲತುದಿಯ ಆ ಸಣ್ಣ ಸಹಿ ಇಲ್ಲವಾದದ್ದರ ನಷ್ಟವನ್ನು ನಮ್ಮ ಊರುಗಳು ಹೀಗೂ ತೆತ್ತಿವೆ.

ಕಡತ ಯಾರದು?

ಪುಕ್ಕಟೆ ಎಂಬುದು ನಿಜಕ್ಕೂ ಪುಕ್ಕಟೆಯೇ ಎಂದು ಕೇಳಿ ನೋಡಬೇಕು. ಒಂದು ವರ್ಷದ ನಂತರ ಗಿರಾಕಿ ಬಂದು ‘ನಮ್ಮ ಬೋರ್ಡಿನ ಫೈಲ್ ಕೊಡಿ’ ಎಂದರೆ ಅಂಗಡಿಯವನು ಕೊಡುವುದಿಲ್ಲ. ಕೊಟ್ಟರೆ ಈತ ಬೇರೆ ಕಡೆ ಅಚ್ಚು ಹಾಕಿಸುತ್ತಾನೆಂಬ ಭಯ. ಅವನ ಮಾತಿನಲ್ಲೂ ನ್ಯಾಯವಿದೆ. ಡಿಸೈನಿಗೆ ಹಣ ಪಡೆಯದೆ ಮಾಡಿದವನಿಗೆ ಆ ಕಡತವೊಂದೇ ಬಂಡವಾಳ. ಅಂದರೆ ಗಿರಾಕಿ ಕೊಡದ ಕೂಲಿಗೆ ಅವನ ಹೆಸರೇ ಒತ್ತೆಯಾಗಿ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಯಿತು.

ಕಾನೂನು ಈ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಸಂಬಳಕ್ಕೆ ದುಡಿಯುವ ನೌಕರ ಆ ಕೆಲಸದ ಭಾಗವಾಗಿ ಮಾಡಿದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಾಗ ಮಾಲೀಕನು ಒಡೆಯ. ಹಣ ಕೊಟ್ಟು ಮಾಡಿಸಿದ ಫೋಟೋ, ವರ್ಣಚಿತ್ರ ಮೊದಲಾದ ಕೆಲವಕ್ಕೆ ಮಾಡಿಸಿದವನು ಒಡೆಯ. ಆದರೆ ಹೊರಗಿನ ಕಲಾವಿದನೊಬ್ಬ ಬಿಡಿಸಿಕೊಟ್ಟ ಲಾಂಛನದಂಥ ರೇಖಾವಿನ್ಯಾಸ, ಹಣ ಕೊಟ್ಟ ಮಾತ್ರಕ್ಕೆ ತಾನಾಗಿ ಗಿರಾಕಿಯದಾಗುವುದಿಲ್ಲ. 19ನೇ ಕಲಮಿನಂತೆ ಹಕ್ಕನ್ನು ಬರವಣಿಗೆಯಲ್ಲಿ ವರ್ಗಾಯಿಸಿ ಸಹಿ ಹಾಕಿರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೇ ಲೆಕ್ಕ. ಊರಿನ ಬೇಕರಿಯವನೂ ದರ್ಜಿಯೂ ಇದನ್ನೆಲ್ಲ ಸ್ಟಾಂಪ್ ಕಾಗದದ ಮೇಲೆ ಮಾಡಿಸಬೇಕೆಂದು ನಾವು ಹೇಳುತ್ತಿಲ್ಲ. ಒಂದು ಹಾಳೆಯ ಮೇಲೆ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿದರೂ ಮುಂದಿನ ಜಗಳ ತಪ್ಪುತ್ತದೆ.

ಮತ್ತೆ ಕುಂಚ, ಮತ್ತೆ ಕನ್ನಡ

2016ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನ ಪಾಲಿಕೆ ರಾತ್ರೋರಾತ್ರಿ ಫ್ಲೆಕ್ಸ್‌ಗಳನ್ನು ಕಿತ್ತುಹಾಕಿತು. ಆಗ ಕೆಲಕಾಲ ಬಟ್ಟೆಯ ಬ್ಯಾನರು ಬರೆಯುವವರಿಗೆ ಬೇಡಿಕೆ ಬಂತು. ಆದರೆ ಆ ಹೊತ್ತಿಗೆ ಕುಂಚ ಹಿಡಿಯಬಲ್ಲವರು ಎಷ್ಟು ಮಂದಿ ಉಳಿದಿದ್ದರು? 2024ರಲ್ಲಿ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂಬ ನಿಯಮ ಬಂದಾಗ ಬೆಂಗಳೂರಿನಲ್ಲಿ ಸಾಲುಸಾಲು ಬೋರ್ಡುಗಳು ಬದಲಾದವು. ಕನ್ನಡ ಹೆಚ್ಚು ಕಾಣತೊಡಗಿದ್ದು ಸಂತೋಷದ ವಿಷಯ. ಆದರೆ ಇಂಗ್ಲಿಷ್ ಹೆಸರನ್ನು ವಿನ್ಯಾಸ ಮಾಡಿಸಲು ದೊಡ್ಡ ಮೊತ್ತ ಕೊಟ್ಟ ಎಷ್ಟೋ ಕಂಪನಿಗಳು ಕನ್ನಡಕ್ಕೆ ಬಂದಾಗ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ಫಾಂಟನ್ನೇ ಹಾಕಿ ಕೈತೊಳೆದುಕೊಂಡವು. ಕಾನೂನು ಅಳತೆಯನ್ನು ಹೇಳಬಲ್ಲದು, ಅಂದವನ್ನು ಹೇಳಲಾರದು. ಅಂದಕ್ಕೆ ಬೇರೆಯೇ ಹಣ ಎತ್ತಿಡಬೇಕು.

ದಾರಿಯೇ ಇಲ್ಲವೆಂದಲ್ಲ. ಗುಜರಾತಿನ ತಳಾಜಾದಲ್ಲಿ ಹುಟ್ಟಿ ಬೋರ್ಡು ಬರೆಯುವವರನ್ನು ನೋಡುತ್ತ ಬೆಳೆದ ಹನೀಫ್ ಕುರೇಶಿ ಎಂಬ ಕಲಾವಿದರು ಹಳೆಯ ದಿಲ್ಲಿ ಮೊದಲಾದ ಕಡೆಗಳ ಪೇಂಟರುಗಳ ಕೈಬರಹವನ್ನು ಸಂಗ್ರಹಿಸಿ ಕಂಪ್ಯೂಟರ್ ಫಾಂಟುಗಳನ್ನಾಗಿ ಮಾಡಿದರು. ಪ್ರತಿ ಫಾಂಟಿಗೂ ಆ ಪೇಂಟರನದೇ ಹೆಸರು. ಮಾರಿದರೆ ಬಂದ ಹಣದಲ್ಲಿ ಪೇಂಟರನಿಗೂ ಪಾಲು. ಕುರೇಶಿಯವರು 2024ರ ಸೆಪ್ಟೆಂಬರಿನಲ್ಲಿ ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಬಲತುದಿಯ ಸಹಿಯನ್ನು ಕಂಪ್ಯೂಟರಿನ ಒಳಗೂ ಉಳಿಸಬಹುದು ಎಂದು ತೋರಿಸಿಕೊಟ್ಟು ಹೋದರು. ಇನ್ನು ಇಂದು ಎಲ್ಲರೂ ಉಚಿತವಾಗಿ ಬಳಸುವ ‘ಬಾಲೂ ತಮ್ಮ’ದಂಥ ಒಳ್ಳೆಯ ಕನ್ನಡ ಫಾಂಟುಗಳೂ ತಾವಾಗಿ ಹುಟ್ಟಿದವಲ್ಲ. ಮುಂಬಯಿಯ ಏಕ್ ಟೈಪ್ ತಂಡದವರು ಕುಳಿತು ಬಿಡಿಸಿದ್ದರಿಂದ ಅದು ಬಂದಿತು. ಬಳಸುವವನಿಗೆ ಉಚಿತವಾದದ್ದಕ್ಕೂ ಹಿಂದೆ ದುಡಿದ ಕೈಯಿದೆ.

ನಮ್ಮಿಂದ ಆಗಬಹುದಾದದ್ದು ಬಹಳ ಸಣ್ಣದು. ಮುಂದಿನ ಸಲ ಅಂಗಡಿಗಾಗಲಿ, ಮಸೀದಿಯ ಕಾರ್ಯಕ್ರಮಕ್ಕಾಗಲಿ, ಪುಸ್ತಕ ಬಿಡುಗಡೆಗಾಗಲಿ, ಊರ ಜಾತ್ರೆಗಾಗಲಿ ಬೋರ್ಡು ಮಾಡಿಸುವಾಗ ಬರಹವನ್ನು ಕಾಗದದ ಮೇಲೆ ಕಾಗುಣಿತ ನೋಡಿ ಬರೆದುಕೊಂಡು ಹೋಗೋಣ. ಲೋಗೋ ಇದ್ದರೆ ವಾಟ್ಸಾಪಿನ ಚಿತ್ರದ ಬದಲು ಅಸಲು ಕಡತ ಕೊಡೋಣ. ಅಚ್ಚಿಗೆ ಹೋಗುವ ಮುನ್ನ ಎರಡು ಭಾಷೆಯನ್ನೂ ಓದಬಲ್ಲವರಿಂದ ಪ್ರೂಫ್ ಓದಿಸೋಣ. ಅಂಗಡಿಯವನಿಗೆ, ‘ಅಡಿಯ ಲೆಕ್ಕ ಬೇರೆ ಬರೆಯಪ್ಪಾ, ಡಿಸೈನಿನ ಲೆಕ್ಕ ಬೇರೆ ಬರಿ, ಓಪನ್ ಫೈಲ್ ಪೆನ್‌ಡ್ರೈವಿಗೆ ಹಾಕಿಕೊಡು’ ಎಂದು ಹೇಳೋಣ. ಆ ಎರಡನೆಯ ಸಾಲಿನ ಹಣ ಕಂಪ್ಯೂಟರಿನ ಮುಂದೆ ಕುಳಿತ ಹುಡುಗನಿಗೋ ಹುಡುಗಿಗೋ ತಲುಪುತ್ತದೆಯೇ ಎಂದೂ ಕೇಳೋಣ. ಕೇಳಿದರೆ ಮಾಲೀಕ ಮುಖ ಗಂಟಿಕ್ಕಬಹುದು. ಆದರೆ ಬೋರ್ಡಿನ ಮೇಲಿನ ಒತ್ತಕ್ಷರ ಮಾತ್ರ ಅದರ ಜಾಗದಲ್ಲೇ ಇರುತ್ತದೆ.